ಹಸಿರು ಚೌಕ

ಹೆದರುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಲೋಕದಲ್ಲಿ ಬಹಳ ಮಂದಿ ಇರಲಾರರು. ಇವನೊಬ್ಬ ಅಂಥವನು. ಕಂಪನಿಯಲ್ಲಿ ಎಲ್ಲರೂ ಇವನನ್ನು ಕರೆಯುತ್ತಿದ್ದದ್ದು ಎರಡ್ಸಲ ಎಂದು. ಬೀಗ ಹಾಕಿದ ಮೇಲೆ ಎರಡು ಸಲ ಜಗ್ಗಿ ನೋಡುವುದು, ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡುವುದು, ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ಹೋದವನು ಹಿಂದೆ ಬಂದು ಸ್ಟ್ಯಾಂಡು ನೋಡುವುದು, ಇವೆಲ್ಲ ಅವನ ಮೈಗೆ ಅಂಟಿದ ಚಾಳಿ. "ಇವನ ಮದುವೇಲಿ ತಾಳೀನೂ ಎರಡು ಸಲ ಕಟ್ಟಿದ್ನಂತೆ" ಎಂದು ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ನಗದೆ ಏನು ಮಾಡುತ್ತಾನೆ, ಹುಟ್ಟುಗುಣ ಸುಟ್ಟರೂ ಹೋಗದು.

ಅವನ ಕೆಲಸಕ್ಕೆ ಈ ಗುಣ ಹೇಳಿ ಮಾಡಿಸಿದ್ದು. ಊರಾಚೆಯ ಪಂಪ್‌ಹೌಸು, ಫೋನಿನ ಟವರು, ಔಷಧಿ ಗೋದಾಮು, ಹೀಗೆ ಆಳು ಕಾಳು ಇಲ್ಲದ ಜಾಗಗಳಲ್ಲಿ ಕರೆಂಟ್ ಹೋದರೆ ದೂರದಲ್ಲಿ ಕೂತವರಿಗೆ ತಿಳಿಯಬೇಕಲ್ಲ. ಅದಕ್ಕೆ ಅವನ ಕಂಪನಿಯವರು ಒಂದು ಡಿಟೆಕ್ಟರ್ ಹಾಕಿಸುತ್ತಿದ್ದರು. ಅಂಗೈಯಗಲದ ಬಿಳಿ ಪೆಟ್ಟಿಗೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಕರೆಂಟ್ ಇದೆಯೋ ಇಲ್ಲವೋ ನೋಡಿಕೊಂಡಿರುತ್ತದೆ. ಅದರಿಂದ ಹೊರಟ ವೈರು ಇನ್ನೊಂದು ಪೆಟ್ಟಿಗೆಗೆ ಹೋಗುತ್ತದೆ. ಆ ಪೆಟ್ಟಿಗೆಯೊಳಗೆ ಫೋನಿನಲ್ಲಿರುವಂತೆ ಒಂದು ಸಿಮ್ಮು, ಒಂದು ಬ್ಯಾಟರಿ. ಕರೆಂಟ್ ಹೋಯಿತು ಎಂದು ಸುದ್ದಿ ಮುಟ್ಟಿಸುವವನು ಕರೆಂಟನ್ನೇ ನಂಬಿಕೊಂಡಿದ್ದರೆ ಆದೀತೆ? ಸುದ್ದಿ ಹೋಗಿ ಬೀಳುವುದು ಪಟ್ಟಣದ ಕಂಟ್ರೋಲ್ ರೂಮಿನ ದೊಡ್ಡ ಪರದೆಯ ಮೇಲೆ. ಅಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಚೌಕ. ಕರೆಂಟ್ ಇದ್ದರೆ ಹಸಿರು, ಹೋದರೆ ಕೆಂಪು. ಕೆಂಪಾದ ಕೂಡಲೇ ಸಂಬಂಧಪಟ್ಟವರ ಫೋನು ಕಿರುಚಿಕೊಳ್ಳುತ್ತದೆ.

ಪೆಟ್ಟಿಗೆಯ ಪಕ್ಕದಲ್ಲಿ ಒಂದು ಟೆಸ್ಟ್ ಗುಂಡಿ ಇದೆ. ಬೇರೆ ಹುಡುಗರೆಲ್ಲ ಅದನ್ನು ಒತ್ತಿ, ಚೌಕ ಕೆಂಪಾಯಿತೆಂದು ಖಾತ್ರಿ ಮಾಡಿಕೊಂಡು, ಚಹಾ ಕುಡಿದು ಹೊರಡುತ್ತಿದ್ದರು. ಎರಡ್ಸಲ ಮಾತ್ರ ಗುಂಡಿಯನ್ನು ನಂಬುತ್ತಿರಲಿಲ್ಲ. ಗುಂಡಿ ಒತ್ತಿದರೆ ಸುದ್ದಿ ಹೋಗುವ ದಾರಿ ಸರಿಯಿದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಕರೆಂಟ್ ನಿಜವಾಗಿ ಹೋದಾಗ ಪೆಟ್ಟಿಗೆಗೆ ಅದು ಗೊತ್ತಾಗುತ್ತದೆಯೇ? ಅದನ್ನು ತಿಳಿಯಬೇಕಾದರೆ ಮೇನ್ ಸ್ವಿಚ್ ಆಫ್ ಮಾಡಬೇಕು. ಅವನು ಹೋದಲ್ಲೆಲ್ಲ ಮೇನ್ ಆಫ್ ಮಾಡಿಸಿ, ಕತ್ತಲಲ್ಲಿ ಕಂಬದ ಹಾಗೆ ನಿಂತು, ತನ್ನ ಫೋನು ಕೂಗುವವರೆಗೆ ಕಾಯುತ್ತಿದ್ದ. ಜನ ಬೈಯುತ್ತಿದ್ದರು. ಬೈಸಿಕೊಂಡೇ ಕಾಯುತ್ತಿದ್ದ.

ಇಂಥವನ ಮನೆಯಲ್ಲಿ ಹೆಂಡತಿಯ ಉಸಿರು ಕರೆಂಟಿನ ಮೇಲೆ ನಿಂತಿತ್ತು.

ಅವಳ ಶ್ವಾಸಕೋಶ ಒಂದು ಕೆಟ್ಟ ಜ್ವರದ ನಂತರ ಗಟ್ಟಿಯಾಗಿಬಿಟ್ಟಿತ್ತು. ಹಾಸಿಗೆಯ ಪಕ್ಕದಲ್ಲಿ ಆಕ್ಸಿಜನ್ ಮಿಷನ್ನು ದಿನವಿಡೀ ಗುರ್ರೆನ್ನುತ್ತಾ, ಒಂದು ಸಣ್ಣ ನಳಿಕೆಯಲ್ಲಿ ಅವಳ ಮೂಗಿಗೆ ಗಾಳಿ ಕೊಡುತ್ತಿತ್ತು. ಮಿಷನ್ನು ನಿಂತರೆ ಹಾಲ್‌ನಲ್ಲಿ ಒಂದು ಸಿಲಿಂಡರ್ ಇತ್ತು. "ಸುಮ್ನೆ ಕೂತಿದ್ರೆ ಒಂದಷ್ಟು ಹೊತ್ತು ತಡ್ಕೋತಾರೆ. ಆದ್ರೆ ಯಾರಾದ್ರೂ ಬಂದು ಸಿಲಿಂಡರ್ ಹಾಕ್ಬೇಕು. ಅವರು ಎದ್ದು ಓಡಾಡೋ ಹಾಗಿಲ್ಲ" ಎಂದು ಡಾಕ್ಟರು ಹೇಳಿದ್ದರು. ಆ ಯಾರಾದರೂ ಎಂದರೆ ಪಕ್ಕದ ಮನೆಯ ಟೈಲರಮ್ಮ. ಮನೆಯ ಇನ್ನೊಂದು ಕೀಲಿ ಅವಳ ಕೈಗೆ ಕೊಟ್ಟು, ಸಿಲಿಂಡರಿನ ವಾಲ್ವು ತಿರುಗಿಸುವುದನ್ನು ಹೇಳಿಕೊಟ್ಟಿದ್ದ, ಎರಡು ಸಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ರಜೆಯೆಲ್ಲ ಮೊದಲ ತಿಂಗಳುಗಳಲ್ಲೇ ಮುಗಿದುಹೋಗಿತ್ತು.

ಕೆಲಸಕ್ಕೆ ಮರಳಿದವನು ಹೊತ್ತು ಹೊತ್ತಿಗೆ ಫೋನ್ ಮಾಡುತ್ತಿದ್ದ. ಏಣಿಯ ಮೇಲಿಂದ, ಬಸ್ ನಿಲ್ದಾಣದಿಂದ, ಊಟದ ತಟ್ಟೆ ಮುಂದಿಟ್ಟುಕೊಂಡು. ಅವಳಿಗೋ ಮಾತಾಡಿದರೆ ಉಸಿರು ಕಟ್ಟುತ್ತಿತ್ತು.

"ರೀ, ಬದುಕಿದೀನಿ" ಎನ್ನುತ್ತಿದ್ದಳು ಅವಳು. "ಸತ್ರೆ ನಾನೇ ಮಿಸ್ ಕಾಲ್ ಕೊಡ್ತೀನಿ, ಇಡಿ."

ತಮಾಷೆ ಅವಳ ಬಾಯಿಗೆ ಸಲೀಸು. ಅವನಿಗೆ ಮಾತ್ರ ಆ ಮಾತು ಕೇಳಿ ಊಟ ಸೇರುತ್ತಿರಲಿಲ್ಲ. ಮೈ ಇಳಿದುಹೋಯಿತು, ನಿದ್ದೆಯಲ್ಲಿ ಎದ್ದೆದ್ದು ಕೂರತೊಡಗಿದ. ಒಂದು ದಿನ ಕಂಟ್ರೋಲ್ ರೂಮಿನ ಅಕ್ಕ, ವಯಸ್ಸಿನಲ್ಲಿ ದೊಡ್ಡವಳು, ದಿನವೆಲ್ಲ ಆ ಚೌಕಗಳ ಮುಂದೆ ಕೂರುವವಳು, ಅವನ ಮುಖ ನೋಡಿ ಹೇಳಿದಳು: "ಊರಿಗೆಲ್ಲ ಡಿಟೆಕ್ಟರ್ ಹಾಕ್ತೀಯ, ನಿನ್ನ ಮನೆಗೆ ಒಂದು ಹಾಕ್ಕೊಳ್ಳೋಕೆ ಏನು ಧಾಡಿ? ಕೊನೇಲಿ ಒಂದು ಚೌಕ ನಾನು ಸೇರಿಸ್ತೀನಿ. ಯಾವ ಸಾಹೇಬ್ರು ಎಣಿಸ್ತಾರೆ?"

ಭಾನುವಾರ ಅವನು ಮನೆಯಲ್ಲಿ ಡಿಟೆಕ್ಟರ್ ಹಾಕಿದ. ಹಾಸಿಗೆಯ ತಲೆದೆಸೆಯ ಬೋರ್ಡಿನಲ್ಲಿ ಎರಡು ಪ್ಲಗ್ ಪಾಯಿಂಟು. ಒಂದರಲ್ಲಿ ಆಕ್ಸಿಜನ್ ಮಿಷನ್ನು. ಇನ್ನೊಂದು ಖಾಲಿ. ಅದಕ್ಕೆ ಬಿಳಿ ಪೆಟ್ಟಿಗೆ ಸಿಕ್ಕಿಸಿದ, ವೈರನ್ನು ಗೋಡೆಯಂಚಿಗೆ ಅಂದವಾಗಿ ಅಂಟಿಸಿದ, ಸಿಮ್ಮಿನ ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟ. ಆಮೇಲೆ ಮೇನ್ ಸ್ವಿಚ್ಚಿನ ಹತ್ತಿರ ಹೋಗಿ ನಿಂತ. ಕೈ ಎತ್ತಿದ. ಒಳಗಿನಿಂದ ಮಿಷನ್ನಿನ ಗುರ್ರೆನ್ನುವ ಸದ್ದು ಕೇಳುತ್ತಿತ್ತು. ಮೇನ್ ಇಳಿಸಿದರೆ ಆ ಸದ್ದು ನಿಲ್ಲುತ್ತದೆ. ಸಿಲಿಂಡರ್ ಹಾಕಿಕೊಂಡು ಪರೀಕ್ಷೆ ಮಾಡಬಹುದಿತ್ತು, ಅವನಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ತನ್ನ ಕೈಯಾರೆ ಆ ಸದ್ದನ್ನು ನಿಲ್ಲಿಸುವುದು ಅವನಿಂದ ಆಗಲಿಲ್ಲ. ವಾಪಸು ಬಂದು ಟೆಸ್ಟ್ ಗುಂಡಿ ಒತ್ತಿದ. ಫೋನು ಕೂಗಿತು. ಅಕ್ಕ ಅತ್ತಲಿಂದ "ಕೆಂಪಾಯ್ತು ನೋಡಪ್ಪ" ಎಂದಳು. ಗುಂಡಿ ಬಿಟ್ಟ. "ಹಸಿರಾಯ್ತು" ಎಂದಳು.

"ಎರಡ್ನೇ ಸಲ ಒತ್ತೋದಿಲ್ವಾ?" ಎಂದು ಹೆಂಡತಿ ನಕ್ಕಳು. ಒತ್ತಿದ. ಎರಡು ಸಲವೂ ಗುಂಡಿಯನ್ನೇ.

ಅಂದಿನಿಂದ ಅವನ ಫೋನಿನಲ್ಲಿ ಆ ಚೌಕ ಹಸಿರಾಗಿ ಕೂತಿತು. ಬೇಕೆಂದಾಗ ತೆರೆದು ನೋಡುತ್ತಿದ್ದ. ಹಸಿರು. ಅಂದರೆ ಮನೆಯಲ್ಲಿ ಕರೆಂಟ್ ಇದೆ, ಮಿಷನ್ನು ಗುರ್ರೆನ್ನುತ್ತಿದೆ, ಅವಳು ಉಸಿರಾಡುತ್ತಿದ್ದಾಳೆ. ಫೋನು ಮಾಡುವುದು ಕಡಿಮೆಯಾಯಿತು. ಊಟ ರುಚಿಸತೊಡಗಿತು. ಒಂದು ದಿನ ಸ್ನಾನ ಮಾಡುತ್ತಾ ಹಾಡು ಗುನುಗಿದನಂತೆ, ಟೈಲರಮ್ಮನಿಗೂ ಕೇಳಿಸಿತಂತೆ. ತಿಂಗಳುಗಳು ಹೀಗೇ ಕಳೆದವು. ಒಂದು ಸಲವೂ ಕೆಂಪಾಗಲಿಲ್ಲ. ನಮ್ಮ ಬೀದಿಯ ಲೈನು ಪರವಾಗಿಲ್ಲ ಎಂದುಕೊಂಡ. ಅಷ್ಟೆಲ್ಲ ಅನುಮಾನದ ಮನುಷ್ಯ, ಒಂದು ಸಲವೂ ಯಾಕೆ ಕೆಂಪಾಗಲಿಲ್ಲ ಎಂದು ಕೇಳಿಕೊಳ್ಳಲಿಲ್ಲ. ಒಳ್ಳೆಯ ಸುದ್ದಿಯನ್ನು ಯಾರು ತಾನೇ ಎರಡನೇ ಸಲ ಪರೀಕ್ಷಿಸುತ್ತಾರೆ?

ಆ ದಿನ ಅವನು ಪಟ್ಟಣದಿಂದ ದೂರದ ಒಂದು ಔಷಧಿ ಗೋದಾಮಿಗೆ ಹೋಗಿದ್ದ. ಲಸಿಕೆಗಳನ್ನು ಇಡುವ ತಣ್ಣನೆಯ ಕೋಣೆ. ಕಿಟಕಿಯಿಲ್ಲದ ಗೋಡೆಗಳು, ನೆಲಕ್ಕೆ ತಗಡು, ಬಾಗಿಲು ಅಂಗೈ ದಪ್ಪ. ಗೋದಾಮಿನ ಮೇಲ್ವಿಚಾರಕ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಮೂಗೊರೆಸುತ್ತಾ ನಿಂತಿದ್ದ.

"ಈ ಪ್ಲಗ್ಗಿಗೆ ಹಾಕಿ, ಖಾಲಿ ಇದೆ" ಎಂದ ಮೇಲ್ವಿಚಾರಕ.

ಎರಡ್ಸಲ ಡಿಟೆಕ್ಟರ್ ಸಿಕ್ಕಿಸಿದ. ಗುಂಡಿ ಒತ್ತಿ ನೋಡಿದ, ಸರಿಯಿತ್ತು. "ಈಗ ಮೇನ್ ಇಳ್ಸಿ" ಎಂದ.

"ಗುಂಡೀಲಿ ಬಂತಲ್ಲ ಮಾರಾಯ್ರೆ. ಕೋಣೆ ಬಿಸಿಯಾದ್ರೆ ನನ್ನ ತಲೆ ಹೋಗುತ್ತೆ."

"ಎರಡು ನಿಮಿಷಕ್ಕೆ ಏನೂ ಆಗಲ್ಲ. ಇಳ್ಸಿ."

ಗೊಣಗುತ್ತಾ ಮೇಲ್ವಿಚಾರಕ ಹೊರಗೆ ಹೋಗಿ ಮೇನ್ ಇಳಿಸಿದ. ಫ್ಯಾನುಗಳ ಸದ್ದು ಸತ್ತಿತು. ದೊಡ್ಡ ದೀಪಗಳು ಆರಿದವು. ಮೂಲೆಯಲ್ಲಿ ಒಂದು ಪುಟ್ಟ ದೀಪ ಮಾತ್ರ ಉರಿಯುತ್ತಿತ್ತು. ಎರಡ್ಸಲ ಫೋನು ಹಿಡಿದು ಕಾದ. ಫೋನು ಕೂಗಲಿಲ್ಲ. ಇನ್ನಷ್ಟು ಕಾದ. ಕತ್ತಲಲ್ಲಿ ಡಿಟೆಕ್ಟರಿನ ಹಸಿರು ಚುಕ್ಕೆ ಆರಾಮವಾಗಿ ಹೊಳೆಯುತ್ತಿತ್ತು, ಏನೂ ಆಗಿಲ್ಲವೆಂಬಂತೆ.

"ಅಯ್ಯೋ ನಿಮ್ಮ!" ಎಂದು ಅವನು ನಕ್ಕುಬಿಟ್ಟ. "ಸ್ವಾಮಿ, ಈ ಪ್ಲಗ್ಗು ಯುಪಿಎಸ್ ಲೈನಿಂದು. ಕರೆಂಟ್ ಹೋದ್ರೂ ಇದಕ್ಕೆ ಬ್ಯಾಟರಿ ಕರೆಂಟ್ ಬರ್ತಾನೇ ಇರುತ್ತೆ. ನನ್ನ ಪೆಟ್ಟಿಗೆ ಪಾಪ, ಎಲ್ಲ ಸರಿ ಇದೆ ಅಂತ ಅಂದ್ಕೊಂಡು ಕೂತಿದೆ. ಇದನ್ನ ನಂಬಿದ್ರೆ ನಿಮ್ಮ ಲಸಿಕೆಯೆಲ್ಲ ಕೊಳೆತು ಹೋದ್ಮೇಲೂ ಪರದೇಲಿ ಹಸಿರೇ ಇರ್ತಿತ್ತು."

"ಹೌದಾ! ದೇವರು ದೊಡ್ಡವನು, ನೀವು ನೋಡಿದ್ರಲ್ಲ. ಆ ಪುಟ್ಟ ದೀಪಕ್ಕೆ ಅಂತ ಹೋದ ವರ್ಷ ನಾವೇ ಬದಲಾಯ್ಸಿದ್ವಿ, ಮರ್ತೇಬಿಟ್ಟೆ" ಎಂದ ಮೇಲ್ವಿಚಾರಕ.

ಎರಡ್ಸಲ ಪೆಟ್ಟಿಗೆ ಕಿತ್ತು ಇನ್ನೊಂದು ಪ್ಲಗ್ಗಿಗೆ ಬಾಗಿದ. ಬಾಗಿದವನು ಹಾಗೇ ನಿಂತ.

ಹೋದ ವರ್ಷ ನಾವೇ ಬದಲಾಯಿಸಿದ್ವಿ.

ಅವನ ಮನೆಯಲ್ಲೂ ಒಂದು ಪುಟ್ಟ ಯುಪಿಎಸ್ ಇತ್ತು. ಹಳೆಯದು, ಎರಡು ಫ್ಯಾನು ಎರಡು ದೀಪ ಎಳೆಯುವಷ್ಟು ಮಾತ್ರ ಶಕ್ತಿ. ಆಕ್ಸಿಜನ್ ಮಿಷನ್ನು ಹಾಕಿದರೆ ಕುಯ್ಯೆಂದು ನಿಂತುಬಿಡುತ್ತಿತ್ತು. ಅವಳಿಗೆ ಜ್ವರ ಬರುವುದಕ್ಕೆ ಮುಂಚಿನ ಬೇಸಿಗೆಯಲ್ಲಿ, ಹಾಸಿಗೆಯ ಪಕ್ಕ ಟೇಬಲ್ ಫ್ಯಾನ್ ಇರಲಿ ಎಂದು, ತಲೆದೆಸೆಯ ಬೋರ್ಡಿನ ಒಂದು ಪ್ಲಗ್ಗನ್ನು ಅವನೇ ಯುಪಿಎಸ್ ಲೈನಿಗೆ ಸೇರಿಸಿದ್ದ. ಯಾವ ಪ್ಲಗ್ಗು? ಮಿಷನ್ನು ನಡೆಯುತ್ತಿರುವುದು ಮೇನ್ ಲೈನಿನಲ್ಲಿ, ಅದು ಖಂಡಿತ. ಹಾಗಾದರೆ ಖಾಲಿ ಇದ್ದದ್ದು, ಡಿಟೆಕ್ಟರ್ ಸಿಕ್ಕಿಸಿದ್ದು...

ಆ ತಣ್ಣನೆಯ ಕೋಣೆಯಲ್ಲಿ ಅವನಿಗೆ ಬೆವರು ಕಿತ್ತುಕೊಂಡಿತು. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಊರಿನ ಪ್ಲಗ್ಗುಗಳನ್ನೆಲ್ಲ ಅನುಮಾನದಿಂದ ನೋಡಿದವನು ತನ್ನ ಕೈಯಿಂದಲೇ ಬದಲಾಯಿಸಿದ ಪ್ಲಗ್ಗನ್ನು ಕಣ್ಣು ಮುಚ್ಚಿ ನಂಬಿದ್ದ.

ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದ. ರಿಂಗಾಯಿತು, ರಿಂಗಾಗಿ ನಿಂತಿತು. ಮಧ್ಯಾಹ್ನದ ನಿದ್ದೆ ಇರಬಹುದು. ಮತ್ತೆ ಮಾಡಿದ. ಎತ್ತಲಿಲ್ಲ. ಕಂಟ್ರೋಲ್ ರೂಮಿಗೆ ಮಾಡಿದ.

"ಅಕ್ಕಾ, ನನ್ನ ಮನೆ ಚೌಕ ನೋಡಿ."

"ಹಸಿರಿದೆಯಲ್ಲೋ, ಇನ್ನೇನು? ಯಾಕೆ ನಿನ್ನ ದನಿ ಹಾಗಿದೆ?"

"ನಮ್ಮ ಬೀದಿ ಕೊನೇಲಿ ನೀರಿನ ಪಂಪ್‌ಹೌಸ್ ಇದೆಯಲ್ಲ. ಅದು?"

ಅಕ್ಕ ಪರದೆಯಲ್ಲಿ ಹುಡುಕಿ ಹೇಳಿದಳು: "ಅದು ಕೆಂಪಿದೆ ಕಣೋ. ಆಗ್ಲೇ ಅರ್ಧ ಗಂಟೆ ಆಯ್ತು."

ಪಂಪ್‌ಹೌಸಿಗೂ ಅವನ ಮನೆಗೂ ಒಂದೇ ಲೈನು. ಅವಳು ಹಾಸಿಗೆಯಲ್ಲಿ, ಪಕ್ಕದಲ್ಲಿ ಸತ್ತ ಮಿಷನ್ನು, ತಲೆಯ ಹತ್ತಿರ ಹಸಿರು ಚುಕ್ಕೆ. ಹೇಳಬೇಕಾದದ್ದನ್ನು ಹೇಗೋ ಹೇಳಿದ. ಅಕ್ಕ ಅರ್ಧಕ್ಕೇ ಅರ್ಥಮಾಡಿಕೊಂಡಳು. "ಆಂಬುಲೆನ್ಸಿಗೆ ನಾನು ಹೇಳ್ತೀನಿ. ನೀನು ಹೊರಡು. ಹುಷಾರಾಗಿ ಗಾಡಿ ಓಡ್ಸು" ಎಂದಳು.

ಟೈಲರಮ್ಮನಿಗೆ ಮಾಡಿದ. ಪುಣ್ಯಕ್ಕೆ ಎತ್ತಿದಳು. ಹಿಂದೆ ಬಸ್ಸಿನ ಹಾರ್ನು ಕೇಳುತ್ತಿತ್ತು.

"ಟೈಲರಮ್ಮ, ಎಲ್ಲಿದೀರ? ಮನೆಗೆ ಹೋಗಿ, ಬೇಗ, ಸಿಲಿಂಡರ್..."

"ಅಯ್ಯೋ, ನಾನು ಪೇಟೇಲಿದೀನಪ್ಪ! ಕರೆಂಟ್ ಇಲ್ದೆ ಹೊಲಿಗೆ ಮಿಷನ್ ಓಡಲ್ವಲ್ಲ, ನೂಲಾದ್ರೂ ತರೋಣ ಅಂತ ಬಂದೆ. ಹೊರಟೆ, ಈಗ್ಲೇ ಹೊರಟೆ!" ಅವಳ ದನಿ ಅಳುಬುರುಕಾಯಿತು.

ಕರೆಂಟ್ ಹೋದಾಗ ಬೇಕಾದವಳನ್ನು ಕರೆಂಟೇ ಮನೆಯಿಂದ ಹೊರಗೆ ಕಳಿಸಿತ್ತು. ಮಿಷನ್ ಹೊಲಿಗೆಯವಳನ್ನೇ ಆ ಕೆಲಸಕ್ಕೆ ನೇಮಿಸುವಾಗ ಇದೂ ಅವನಿಗೆ ಹೊಳೆದಿರಲಿಲ್ಲ.

ಚೀಲ, ಏಣಿ, ಸ್ಪ್ಯಾನರುಗಳ ಪೆಟ್ಟಿಗೆ ಎಲ್ಲವನ್ನೂ ಗೋದಾಮಿನಲ್ಲೇ ಬಿಟ್ಟು ಗಾಡಿ ಹತ್ತಿದ. ಆ ದಾರಿಯನ್ನು ಅವನು ಹೇಗೆ ಓಡಿಸಿದನೋ ಅವನಿಗೇ ನೆನಪಿಲ್ಲ. ಲಾರಿಯವನೊಬ್ಬ ಕಿಟಕಿಯಿಂದ ತಲೆ ಹಾಕಿ ಕೆಟ್ಟದಾಗಿ ಬೈದ. ರೈಲ್ವೆ ಗೇಟು ಬಿದ್ದಿತ್ತು. ಗಾಡಿಗಳ ಸಾಲಿನಲ್ಲಿ ನಿಂತು ಅವನು ಮತ್ತೆ ಹೆಂಡತಿಯ ನಂಬರಿಗೆ ಫೋನ್ ಮಾಡಿದ. ರಿಂಗು ಹೋಗುತ್ತಲೇ ಇತ್ತು. ಪಕ್ಕದ ಸ್ಕೂಟರಿನವನು ಕಡಲೆಕಾಯಿ ಸುಲಿದು ತಿನ್ನುತ್ತಿದ್ದ. ಲೋಕದಲ್ಲಿ ಯಾರಿಗೂ ಯಾವ ಅವಸರವೂ ಇಲ್ಲವಲ್ಲ ಎಂದು ಅವನಿಗೆ ಕೂಗಿಕೊಳ್ಳಬೇಕೆನಿಸಿತು. ಗೂಡ್ಸ್ ಗಾಡಿ ಬಂತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ಅಭ್ಯಾಸಬಲದಿಂದ ಬೆರಳು ಫೋನಿನಲ್ಲಿ ಚೌಕವನ್ನು ತೆರೆಯಿತು. ಹಸಿರು. ತಿಂಗಳುಗಟ್ಟಲೆ ಅವನ ಎದೆಯನ್ನು ತಣ್ಣಗಿಟ್ಟಿದ್ದ ಬಣ್ಣ ಅದು. ಫೋನನ್ನು ಜೇಬಿಗೆ ತುರುಕಿದ.

ಎಷ್ಟು ಸಲ ಹೀಗಾಗಿರಬಹುದು? ಇದೇ ಮೊದಲೇ? ಆ ಪ್ರಶ್ನೆ ಬಂದ ಮೇಲೆ ಬಿಡಲಿಲ್ಲ. ಏಣಿಯ ಮೇಲೆ ಕೂತು ಹಸಿರು ನೋಡಿ ಬೀಡಿ ಹಚ್ಚಿದ ದಿನಗಳು ಒಂದೊಂದಾಗಿ ನೆನಪಾದವು. ಅವೆಲ್ಲ ದಿನ ಅವಳು ಉಸಿರಾಡುತ್ತಿದ್ದಳು ಎಂಬುದಕ್ಕೆ ಏನು ಸಾಕ್ಷಿ? ಸಂಜೆ ಮನೆಗೆ ಹೋದಾಗ ಬದುಕಿರುತ್ತಿದ್ದಳು, ಅಷ್ಟೇ.

ಗೇಟು ಎದ್ದಿತು.

ಬೀದಿಯ ತುದಿಯಲ್ಲಿ ತಿರುಗಿದಾಗಲೇ ಗೊತ್ತಾಯಿತು. ಹಿಟ್ಟಿನ ಗಿರಣಿ ಮೌನವಾಗಿತ್ತು, ಕ್ಷೌರದಂಗಡಿಯವನು ಕುರ್ಚಿ ಹೊರಗೆ ಹಾಕಿಕೊಂಡು ಪೇಪರ್ ಬೀಸಿಕೊಳ್ಳುತ್ತಿದ್ದ. ಗಾಡಿಯನ್ನು ಹಾಗೇ ಬೀಳಲು ಬಿಟ್ಟು ಮೆಟ್ಟಿಲು ಹತ್ತಿದ. ಕೀಲಿ ತೂತಿಗೆ ಸೇರಲಿಲ್ಲ. ಕೊನೆಗೆ ಬಾಗಿಲು ತೆರೆಯಿತು.

ಮಲಗುವ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ದೀಪ ಉರಿಯುತ್ತಿತ್ತು. ಬಿಳಿ ಪೆಟ್ಟಿಗೆಯ ಚುಕ್ಕೆ ಹಸಿರಾಗಿತ್ತು. ಮಿಷನ್ನು ಮಾತ್ರ ಸತ್ತು ಬಿದ್ದಿತ್ತು. ಹಾಸಿಗೆ ಖಾಲಿ, ನಳಿಕೆ ದಿಂಬಿನ ಮೇಲೆ, ಫೋನು ಅದರ ಪಕ್ಕ.

"ಇವಳೇ!" ಎಂದು ಕೂಗಿದ. ಹಾಲ್‌ಗೆ ವಾಪಸು ಓಡಿದ.

ಅವಳು ಹಾಲ್‌ನ ಮೂಲೆಯಲ್ಲಿದ್ದಳು, ಕಿಟಕಿಯ ಕೆಳಗೆ, ಸಿಲಿಂಡರಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ತುಟಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಭುಜಗಳು ಮೇಲೆ ಕೆಳಗೆ ಏಳುತ್ತಾ ಬೀಳುತ್ತಾ ಇದ್ದವು. ಒಂದೊಂದು ಉಸಿರಿಗೂ ಇಡೀ ಮೈ ದುಡಿಯುತ್ತಿತ್ತು. ಹಿಡಿತಕ್ಕೆಂದು ಸೆರಗಿನ ತುದಿಯನ್ನು ವಾಲ್ವಿಗೆ ಸುತ್ತಿದ್ದಳು, ಅದರ ಮೇಲೆ ಅವಳ ಎರಡೂ ಕೈ. ಕಣ್ಣು ತೆರೆದಿದ್ದವು. ಅವನನ್ನು ಕಂಡವು.

ಅವನು ವಾಲ್ವಿಗೆ ಕೈ ಹಾಕಿದ. ತಿರುಗಲಿಲ್ಲ. ಇನ್ನೊಂದು ಕೈ ಹಾಕಿ ಜಗ್ಗಿದ. ತಿರುಗಲಿಲ್ಲ. ಆಗ ಅವನಿಗೆ ಹೊಳೆಯಿತು. ಹಿಂದಿನ ದಿನ ಸಿಲಿಂಡರಿನಿಂದ ಸಣ್ಣಗೆ ಸುಯ್ ಎಂದಂತಾಗಿ, ಗಾಳಿ ಸೋರೀತು ಎಂದು ಅವನೇ ಸ್ಪ್ಯಾನರ್ ಹಾಕಿ ಬಿಗಿ ಮಾಡಿದ್ದ. ಎಂದಿನಂತೆ ಎರಡು ಸಲ. ಸಿಲಿಂಡರನ್ನು ಇಷ್ಟು ದೂರ ಇಟ್ಟವನೂ ಅವನೇ, ಮಿಷನ್ನಿನ ಕಡೆಯಿಂದ ಕಿಡಿ ಹಾರಿದರೆ ಎಂದು ಹೆದರಿ. ಅವನ ಒಂದೊಂದು ಹೆದರಿಕೆಯೂ ಅವಳ ಕುತ್ತಿಗೆಗೆ ಒಂದೊಂದು ಬೆರಳು ಹಾಕಿತ್ತು.

ಸ್ಪ್ಯಾನರುಗಳು ಗೋದಾಮಿನಲ್ಲಿದ್ದವು. ಅಡುಗೆಮನೆಗೆ ಓಡಿದ. ಕಂಡದ್ದು ಕಬ್ಬಿಣದ ಇಕ್ಕಳ. ಅದನ್ನು ವಾಲ್ವಿಗೆ ಕಚ್ಚಿಸಿ, ಮಂಡಿ ಊರಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸಿದ. ಜಾರಿತು. ಬೆರಳ ಗೆಣ್ಣಿನ ಸಿಪ್ಪೆ ಕಿತ್ತುಹೋಯಿತು. "ದೇವರೇ, ದೇವರೇ" ಎಂದು ಬಾಯಿ ತಾನೇ ಹೇಳುತ್ತಿತ್ತು. ಮತ್ತೆ ಕಚ್ಚಿಸಿದ. ಕಿರ್ರೆಂದು ಕದಲಿತು.

ಗಾಳಿ ಬಂತು. ಸಿಲಿಂಡರಿನ ನಳಿಕೆಯನ್ನು ಅವಳ ಮೂಗಿಗೆ ಹಿಡಿದು ಅವನು ಅಲ್ಲೇ ಕುಸಿದ. ಅವಳ ಭುಜಗಳನ್ನು ತನ್ನ ಎದೆಗೆ ಒರಗಿಸಿಕೊಂಡು ಅವಳ ತುಟಿಯನ್ನೇ ನೋಡುತ್ತಾ ಕೂತ. ನೇರಳೆ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಬೆರಳಿಗೆ ಸಿಕ್ಕಿಸುವ ಪುಟ್ಟ ಮೀಟರಿನಲ್ಲಿ ಅಂಕಿ ಮೆಲ್ಲಗೆ ಏರತೊಡಗಿತು. ಅವನು ಅತ್ತ. ಗಂಡಸು, ಇಷ್ಟು ವಯಸ್ಸಾದವನು, ಸದ್ದು ಮಾಡಿಕೊಂಡು ಅತ್ತ.

ಅದೇ ರೈಲ್ವೆ ಗೇಟಿನಲ್ಲಿ ಸಿಕ್ಕಿಬಿದ್ದಿದ್ದ ಆಂಬುಲೆನ್ಸಿನವರು ಬಂದರು, ಹಿಂದೆಯೇ ಟೈಲರಮ್ಮ ಏದುಸಿರು ಬಿಡುತ್ತಾ ಬಂದಳು. ಆಂಬುಲೆನ್ಸಿನವರು ಹೆಂಡತಿಯ ಎದೆಗೆ ಕೊಳವೆ ಇಟ್ಟು ಕೇಳಿ, ಮೀಟರ್ ನೋಡಿ, "ಈಗ ಪರವಾಗಿಲ್ಲ, ಸಂಜೆ ಡಾಕ್ಟ್ರಿಗೆ ತೋರ್ಸಿ. ಇನ್ನೊಂದು ಸ್ವಲ್ಪ ತಡವಾಗಿದ್ರೆ..." ಎಂದು ಹೇಳಿ, ಅವನ ಮುಖ ನೋಡಿ ಮಾತು ನಿಲ್ಲಿಸಿ ಹೋದರು. ಟೈಲರಮ್ಮ ಬಿಸಿನೀರು ಕಾಯಿಸಿ ಕೊಟ್ಟು, ನೂಲಿನ ಚೀಲವನ್ನು ನೆಲಕ್ಕೆ ಬಡಿದು, "ನನ್ನ ಕಾಲು ಮುರೀಲಿ, ಇವತ್ತೇ ಹೋಗ್ಬೇಕಿತ್ತಾ" ಎಂದು ತನ್ನನ್ನೇ ಬೈದುಕೊಂಡು ಹೋದಳು. ಅವಳ ತಪ್ಪೇನೂ ಇರಲಿಲ್ಲ.

ಕರೆಂಟ್ ಬಂತು. ಮಿಷನ್ನು ಗುರ್ರೆಂದಿತು. ಹೆಂಡತಿ ಹಾಸಿಗೆಯ ಮೇಲೆ ದಿಂಬಿಗೆ ಒರಗಿದ್ದಳು, ಅವನು ಕಾಲ ಬಳಿ ಕೂತಿದ್ದ.

"ಇವತ್ತೇ ಮೊದಲಾ?" ಎಂದು ಕೇಳಿದ. ಕೇಳಲು ಅವನಿಗೆ ಹೆದರಿಕೆಯಿತ್ತು.

ಅವಳು ತಲೆ ಅಲ್ಲಾಡಿಸಿದಳು. "ನೀವು ಕೆಲಸಕ್ಕೆ ಹೋದ್ಮೇಲೆ, ಹಗಲಲ್ಲಿ, ವಾರಕ್ಕೆರಡು ಸಲ ಹೋಗುತ್ತೆ. ಕೆಲವು ಸಲ ಬೇಗ ಬರುತ್ತೆ. ಬರ್ದಿದ್ರೆ ಗೋಡೆ ಹಿಡ್ಕೊಂಡು ಹೋಗಿ ನಾನೇ ತಿರುಗ್ಸಿಕೊಳ್ತೀನಿ."

"ನೀನೇ?"

"ಟೈಲರಮ್ಮನ್ನ ಎಷ್ಟು ಸಲ ಕರೆಯೋದು ರೀ. ಅವಳಿಗೂ ಕೆಲಸ ಇರುತ್ತೆ. ನಾನೇ ನೋಡ್ಕೋತೀನಿ, ಕರೆದ್ರೆ ಮಾತ್ರ ಬನ್ನಿ ಅಂದಿದ್ದೆ."

"ಹಾಗಾದ್ರೆ ಪೆಟ್ಟಿಗೆ ಕೆಲ್ಸ ಮಾಡ್ತಿಲ್ಲ ಅಂತ ನಿಂಗೆ..."

"ಮೊದಲ್ನೇ ವಾರವೇ ಗೊತ್ತಾಯ್ತು. ಕರೆಂಟ್ ಹೋಯ್ತು, ನಿಮ್ಮ ಫೋನ್ ಬರ್ಲಿಲ್ಲ. ನೀವು, ಕರೆಂಟ್ ಹೋಗಿದ್ದು ಗೊತ್ತಾಗಿ, ಫೋನ್ ಮಾಡ್ದೆ ಇರ್ತೀರಾ?" ಅವಳು ಉಸಿರು ತೆಗೆದುಕೊಳ್ಳಲು ನಿಂತಳು. "ಸಂಜೆ ಬಂದು ಹೊಟ್ಟೆ ತುಂಬ ಊಟ ಮಾಡಿದ್ರಿ. ಗೊರಕೆ ಹೊಡೆದ್ರಿ. ಎಷ್ಟು ದಿನ ಆಗಿತ್ತು ಆ ಗೊರಕೆ ಕೇಳಿ. ಹೇಗೆ ಹೇಳ್ಲಿ?"

ಅವನಿಗೆ ಸಿಟ್ಟು ಬಂತು. ಅವಳ ಮೇಲೋ, ತನ್ನ ಮೇಲೋ, ಪೆಟ್ಟಿಗೆಯ ಮೇಲೋ ತಿಳಿಯಲಿಲ್ಲ. ಎದ್ದು ಬಿಳಿ ಪೆಟ್ಟಿಗೆಯನ್ನು ಪ್ಲಗ್ಗಿನಿಂದ ಕಿತ್ತ. ಮಿಷನ್ನು ಇದ್ದ ಪ್ಲಗ್ಗಿಗೆ ಒಂದು ಕವಲು ಹಾಕಿ, ಮಿಷನ್ನನ್ನೂ ಪೆಟ್ಟಿಗೆಯನ್ನೂ ಒಂದೇ ಲೈನಿಗೆ ಸೇರಿಸಿದ. ಸಿಲಿಂಡರನ್ನು ಉರುಳಿಸಿಕೊಂಡು ಬಂದು ಹಾಸಿಗೆಯ ಪಕ್ಕ ನಿಲ್ಲಿಸಿದ. ಅದರ ನಳಿಕೆಯನ್ನು ಅವಳ ಮೂಗಿಗೆ ಹಾಕಿದ. ಆಮೇಲೆ ಮೇನ್ ಸ್ವಿಚ್ಚಿನ ಹತ್ತಿರ ಹೋಗಿ, ಹಲ್ಲು ಕಚ್ಚಿ, ಇಳಿಸಿದ.

ಮಿಷನ್ನಿನ ಸದ್ದು ನಿಂತಿತು. ಮರುಗಳಿಗೆಯಲ್ಲೇ ಜೇಬಿನಲ್ಲಿ ಫೋನು ಕಿರುಚಿಕೊಂಡಿತು. ಅದರ ಹಿಂದೆಯೇ ಅಕ್ಕನ ಕರೆ: "ಕೆಂಪಾಯ್ತು ಕಣೋ, ನಿನ್ನ ಮನೆ ಕೆಂಪಾಯ್ತು!"

"ನಾನೇ ಮಾಡಿದ್ದು ಅಕ್ಕಾ. ಅವಳು ಹುಷಾರಾಗಿದಾಳೆ" ಎಂದ.

ಮೇನ್ ಎತ್ತಿ ಒಳಗೆ ಬಂದ. ಹೆಂಡತಿ ಅವನನ್ನೇ ನೋಡುತ್ತಿದ್ದಳು.

"ಇನ್ನು ನಿಮ್ಮ ನಿದ್ದೆ ಹೋಯ್ತು ಅನ್ನಿ" ಎಂದಳು.

"ಹೋಗ್ಲಿ."

"ಊಟಾನೂ."

"ಹೋಗ್ಲಿ ಬಿಡೇ. ನಿಂಗೆ ಕಷ್ಟ ಆಗ್ತಿರುವಾಗ ನಂಗೆ ಯಾಕೆ ಸಮಾಧಾನ ಕೊಟ್ಟೆ? ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಅವಳು ಅಂಗೈಯನ್ನು ಮಗುಚಿ ನೋಡಿಕೊಂಡಳು. ವಾಲ್ವಿನ ಅಂಚು ಅಲ್ಲಿ ಕೆಂಪಗೆ ಅಚ್ಚೊತ್ತಿತ್ತು.

"ಆ ಸಿಲಿಂಡರ್ ಹತ್ರ ಕೂತಾಗೆಲ್ಲ ಅಂದ್ಕೋತಿದ್ದೆ ರೀ, ನೀವು ಎಲ್ಲೋ ಹಸಿರು ನೋಡ್ತಾ ನೆಮ್ಮದಿಯಾಗಿರ್ತೀರಿ ಅಂತ. ಇಬ್ಬರಲ್ಲಿ ಒಬ್ಬರಾದ್ರೂ ಇರ್ಲಿ ಅಂತ. ಅದೇ ನನಗೊಂದು ಧೈರ್ಯ." ಅವಳು ಅವನ ಕೈಯನ್ನು ಹುಡುಕಿ ಹಿಡಿದುಕೊಂಡಳು. ಅವಳ ಬೆರಳುಗಳು ಇನ್ನೂ ತಣ್ಣಗಿದ್ದವು. "ಇವತ್ತು ಮಾತ್ರ, ಅದು ತಿರುಗ್ಲೇ ಇಲ್ವಲ್ಲ, ಆಗ ಬೇಡ್ಕೊಂಡೆ. ದೇವರೇ, ಅವರಿಗೆ ಈಗ ಭಯ ಆಗ್ಲಿ. ಎಲ್ಲಿದ್ರೂ ಸರಿ, ಒಂದೇ ಒಂದು ಸಲ ಭಯ ಆಗ್ಲಿ ಅಂತ."